ಹುಷಾರಪ್ಪನವರ ಭಾನುವಾರಗಳು

ಶೋಕಸಭೆಯಲ್ಲಿ ಮೂವರು ಮಾತನಾಡಿದರು. ಮೂವರೂ ಅವರನ್ನು ಧೈರ್ಯವಂತರು ಎಂದು ಕರೆದರು. ಅದು ಸರಿಯಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬುದು ನಿಜ, ಆದರೆ ಆಡುವ ಒಳ್ಳೆಯದು ಅವರದ್ದೇ ಆಗಿರಬೇಕು. ಒಂಬತ್ತು ವರ್ಷ ಜೀವನ್ ಬಿಮಾ ನಗರದ ಪಾರ್ಕಿನಲ್ಲಿ ಪ್ರತಿ ಬೆಳಗ್ಗೆ ಅವರ ಜೊತೆ ಷಟಲ್ ಆಡಿದವನು ನಾನು. ನಾನು ಕಂಡ ಮನುಷ್ಯರಲ್ಲೆಲ್ಲ ಅತ್ಯಂತ ಹೆದರುವವರು ಅವರು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಮ್ಮ ಆಟದ ಬಗ್ಗೆ ಬಡಾವಣೆಯ ಪತ್ರಿಕೆಗೆ ನಾಲ್ಕು ಸಾಲು ಬರೆಯುವೆನೆಂದು ಒಮ್ಮೆ ಹೇಳಿದಾಗ ಅವರು ರ‍್ಯಾಕೆಟ್ ಕೆಳಗಿಟ್ಟು ಹತ್ತಿರ ಬಂದರು. "ನನ್ನ ಹೆಸರು ಹಾಕ್ಬೇಡಿ ಕಣ್ರೀ. ಅಚ್ಚಾದ್ಮೇಲೆ ಅಳಿಸೋಕಾಗಲ್ಲ" ಎಂದರು. ಏನು ಅಳಿಸಬೇಕಾಗಬಹುದೆಂದು ಕೇಳಿದೆ. "ಅದು ಮೊದ್ಲೇ ಗೊತ್ತಿದ್ರೆ ಹೆದರಿಕೆ ಯಾಕೆ?"

ವಿಮಾನದ ಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವರು ಇನ್‌ಸ್ಪೆಕ್ಟರ್ ಆಗಿದ್ದರು. ಬೇರೆಯವರು ಮಾಡಿದ ಕೆಲಸವನ್ನು ನೋಡಿ, ಮುಟ್ಟಿ, ಅಳೆದು, ಸರಿಯಿದ್ದರೆ ತಮ್ಮ ನಂಬರಿನ ಮುದ್ರೆ ಒತ್ತುವ ಕೆಲಸ. ಆ ಮುದ್ರೆ ಬಿದ್ದ ಮೇಲೆ ಆ ಭಾಗ ಒಳಗೆ ಹೋಗುತ್ತದೆ, ಮುಚ್ಚಿಕೊಳ್ಳುತ್ತದೆ, ಹಾರುತ್ತದೆ. "ನೀವೆಲ್ಲ ಕೆಲಸ ಮಾಡಿ ಸಂಬಳ ತಗೊಂಡ್ರಿ. ನನಗೆ ಹೆದರೋದಕ್ಕೇ ಸಂಬಳ ಕೊಡ್ತಿದ್ರು" ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಹೆದರಿಕೆ ನಿಲ್ಲಲಿಲ್ಲ.

ಬೆಳಗ್ಗೆ ಆರಕ್ಕೆ ಕೋರ್ಟಿಗೆ ಮೊದಲು ಬರುವವರು ಅವರೇ. ಬಂದ ಕೂಡಲೇ ಆಡುತ್ತಿರಲಿಲ್ಲ. ಬಗ್ಗಿ ನೆಲದ ಮೇಲೆ ಅಂಗೈ ಸವರಿ ಮರಳಿನ ಕಾಳು ಸಿಕ್ಕಿದರೆ ಗುಡಿಸುತ್ತಿದ್ದರು. ನೆಟ್ಟಿನ ಕಂಬ ಅಲ್ಲಾಡಿಸುತ್ತಿದ್ದರು. ಆಮೇಲೆ ಕತ್ತೆತ್ತಿ, ಕೋರ್ಟಿನ ಮೇಲೆ ಚಾಚಿದ ಮಳೆಮರದ ಕೊಂಬೆಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಒಣಗಿದ ಕೊಂಬೆ ಕಂಡರೆ ಅದನ್ನು ಕಡಿಸುವವರೆಗೆ ಆ ಮಗ್ಗುಲಲ್ಲಿ ಯಾರನ್ನೂ ನಿಲ್ಲಿಸುತ್ತಿರಲಿಲ್ಲ. ನಮ್ಮ ಹನ್ನೊಂದು ಮಂದಿಯ ರಕ್ತದ ಗುಂಪು ಮತ್ತು ಮನೆಯ ಫೋನ್ ನಂಬರ್ ಬರೆದ ಚೀಟಿ ಸದಾ ಅವರ ಅಂಗಿಯ ಜೇಬಿನಲ್ಲಿರುತ್ತಿತ್ತು. ನನ್ನ ರಕ್ತದ ಗುಂಪನ್ನು ನಾನು ಅವರಿಗೆ ಹೇಳಿದ ನೆನಪಿಲ್ಲ.

ಹುಷಾರಪ್ಪ ಎಂಬ ಹೆಸರಿಟ್ಟವನು ರಂಗನಾಥ. ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿ ನಿವೃತ್ತನಾದ ಅವನಿಗೆ ನಮ್ಮ ಗುಂಪಿನಲ್ಲಿ ಯಾರನ್ನು ಬೇಕಾದರೂ ಛೇಡಿಸುವ ಪರವಾನಗಿ ಇತ್ತು. "ಗುರುಗಳೇ, ನಿಮ್ಮಂಥವರು ಇದ್ದಿದ್ರೆ ನಮ್ಮ ಕಂಪ್ನಿ ಮುಚ್ಬೇಕಾಗಿತ್ತು. ಯಾರಿಗೂ ಏನೂ ಆಗ್ತಾನೇ ಇರ್ಲಿಲ್ಲ" ಎನ್ನುತ್ತಿದ್ದ. ಅವರು ನಗುತ್ತಿದ್ದರು, ನಗುತ್ತಲೇ ಅವನ ಬೂಟಿನ ಬಿಚ್ಚಿದ ಲೇಸನ್ನು ಬೆರಳಿನಿಂದ ತೋರಿಸುತ್ತಿದ್ದರು. ಅವರ ಹೆಂಡತಿಯನ್ನು ಕೇಳಿದರೆ ಇದೇನೂ ಹೊಸದಲ್ಲ. "ತಾಳಿ ಕಟ್ಟೋಕ್ ಮುಂಚೆ ಎದ್ದು ಹೋಗಿ ಚಪ್ಪರದ ಕಂಬ ಅಲ್ಲಾಡಿಸಿ ಬಂದ್ರು. ನಮ್ಮಪ್ಪ, ಹುಡುಗ ಓಡಿಹೋಗ್ತಾನೆ ಅಂದ್ಕೊಂಡ್ರಂತೆ."

ಇಷ್ಟು ಹೆದರುವವರು ಮನೆಯಲ್ಲೇ ಕೂರಬೇಕಿತ್ತು. ಕೂರಲಿಲ್ಲ. ಭಾನುವಾರದ ತಿರುಗಾಟವನ್ನು ಶುರುಮಾಡಿದವರು ಅವರೇ. ಆಟ ಮುಗಿಸಿ, ಸ್ನಾನ ಮಾಡಿ, ಏಳು ಗಂಟೆಗೆ ಬಸ್‌ ಸ್ಟಾಪಿನಲ್ಲಿ ಸೇರುವುದು. ಒಂದು ವಾರ ಹಲಸೂರಿನ ಹಳೆಯ ದೇವಸ್ಥಾನ, ಒಂದು ವಾರ ಮೆಟ್ರೋದಲ್ಲಿ ಕೆ.ಆರ್. ಪುರ, ಅಲ್ಲಿ ಸಂತೆಯ ಬೀದಿಯಲ್ಲಿ ಇಡ್ಲಿ. ತಿಂಗಳಿಗೊಮ್ಮೆ ಶಿವಾಜಿನಗರ, ರಸೆಲ್ ಮಾರ್ಕೆಟ್. ಮನೆಯಲ್ಲಿ ಕೂತರೆ ಹೆದರಿಕೆಗೆ ಕೆಲಸವಿರುವುದಿಲ್ಲ, ಕೆಲಸವಿಲ್ಲದ ಹೆದರಿಕೆ ಮನುಷ್ಯನನ್ನು ತಿನ್ನುತ್ತದೆ ಎಂಬುದು ಅವರ ವಾದ.

ಈ ತಿರುಗಾಟಕ್ಕೆ ಅವರು ಕಾರ್ಖಾನೆಯ ಒಂದು ಪದ್ಧತಿಯನ್ನು ತಂದಿದ್ದರು. ಅಲ್ಲಿ ಮುಖ್ಯವಾದ ಯಾವ ಕೆಲಸಕ್ಕೂ ಒಬ್ಬರ ಕಣ್ಣು ಸಾಲದು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಬೇರೆಯಾಗಿ ನೋಡಬೇಕು. ಹಾಗೆಯೇ ಬಸ್ ಹತ್ತಿದ ಮೇಲೆ ಅವರು ಮುಂದಿನಿಂದ ತಲೆ ಎಣಿಸುವುದು, ನಾನು ಹಿಂದಿನಿಂದ. ಅವರು "ಎಷ್ಟು?" ಎಂದು ಕೂಗಬೇಕು. ಮೊದಲು ನಾನು ಸಂಖ್ಯೆ ಹೇಳಬೇಕು, ಆಮೇಲೆ ಅವರು. ತಮ್ಮ ಸಂಖ್ಯೆ ಕೇಳಿ ನಾನು ಅದನ್ನೇ ಹೇಳಿಬಿಡಬಾರದೆಂದು ಈ ಕ್ರಮ. ಮೂವತ್ತು ವರ್ಷ ಸುದ್ದಿಮನೆಯಲ್ಲಿ ಕರಡು ತಿದ್ದಿದವನೆಂದು ಎರಡನೆಯ ಕಣ್ಣಿಗೆ ನನ್ನನ್ನು ಆರಿಸಿದ್ದರು. ನನಗೆ ಅದರಿಂದ ಸ್ವಲ್ಪ ಹೆಮ್ಮೆಯೂ ಇತ್ತು.

ನಮ್ಮಲ್ಲಿ ಹಿರಿಯರು ಮುನಿಶಾಮಣ್ಣ. ಎಂಬತ್ತೊಂದು ವರ್ಷ. ತಿಪ್ಪಸಂದ್ರದವರು, ಅದು ಹಳ್ಳಿಯಾಗಿದ್ದಾಗ ಅಲ್ಲಿ ಸೊಪ್ಪು ತರಕಾರಿ ಬೆಳೆದವರು. ಈಗ ಆ ಹೊಲದ ಮೇಲೆ ಅವರದೇ ಬಾಡಿಗೆ ಮನೆಗಳಿವೆ. ಷಟಲ್ ಆಡುತ್ತಿರಲಿಲ್ಲ, ಕಲ್ಲು ಬೆಂಚಿನ ಮೇಲೆ ಕೂತು ಪಾಯಿಂಟ್ ತಪ್ಪು ತಪ್ಪಾಗಿ ಕೂಗುತ್ತಿದ್ದರು. ಎರಡು ವರ್ಷದಿಂದ ಮರೆವು ಶುರುವಾಗಿತ್ತು. ಕೆಲವು ದಿನ ನಿನ್ನೆ ಮೊನ್ನೆಯದು ಅಳಿಸಿಹೋಗಿ, ಅರವತ್ತು ವರ್ಷದ ಹಿಂದಿನದು ಎದುರಿಗೆ ಬಂದು ನಿಲ್ಲುತ್ತಿತ್ತು. ಅವರ ಸೊಸೆ ಮಂಜುಳಾ ಮಾವನನ್ನು ಗೇಟಿನಿಂದಾಚೆ ಒಬ್ಬರನ್ನೇ ಬಿಡುತ್ತಿರಲಿಲ್ಲ. ನಮ್ಮ ಜೊತೆ ಮಾತ್ರ ಕಳಿಸುತ್ತಿದ್ದಳು, ಅದೂ ಒಬ್ಬರ ಮುಖ ನೋಡಿ. "ನೀವಿದೀರಲ್ಲ ಅಂಕಲ್, ಅದಕ್ಕೇ" ಎಂದು ಹುಷಾರಪ್ಪನವರಿಗೆ ಹೇಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಅವರ ಮುಖ ಸಣ್ಣಗಾಗುತ್ತಿತ್ತು.

ಇದು ಕಳೆದ ವರ್ಷದ ಮಾತು. ರಸೆಲ್ ಮಾರ್ಕೆಟ್‌ನ ಭಾನುವಾರ. ಹಣ್ಣು, ಹೂವು, ಸೊಪ್ಪು ಕೊಂಡು, ಕಾಫಿ ಕುಡಿದು, ಒಂಬತ್ತೂಕಾಲಿಗೆ ಶಿವಾಜಿನಗರ ಬಸ್‌ ನಿಲ್ದಾಣಕ್ಕೆ ಬಂದೆವು. ನಮ್ಮ ಬಸ್ ಹೊರಡುವುದರಲ್ಲಿತ್ತು. ಹತ್ತಿದೆವು. ಜನ ತುಂಬಿತ್ತು. ರಂಗನಾಥ ನನ್ನ ಪಕ್ಕ ನಿಂತು ಹಿಂದಿನ ದಿನದ ಕ್ರಿಕೆಟ್ ಬಗ್ಗೆ ಜಗಳ ತೆಗೆದಿದ್ದ. ಮುಂದಿನಿಂದ ಕೂಗು ಬಂತು: "ಎಷ್ಟು?"

"ಹನ್ನೊಂದು" ಎಂದೆ.

"ಹನ್ನೊಂದು" ಎಂದರು ಅವರು. ಬಸ್ ಹೊರಟಿತು.

ಇಂದಿರಾನಗರ ದಾಟುವಾಗ ಸೀಟು ಸಿಕ್ಕಿ ರಂಗನಾಥ ಕೂತ. ತೊಡೆಯ ಮೇಲೆ ಎರಡು ಚೀಲ ಇಟ್ಟುಕೊಂಡ. ಎರಡನೆಯದರೊಳಗೆ ಒಂದು ಫೋನ್ ಹೊಡೆದುಕೊಳ್ಳತೊಡಗಿತು.

"ಈ ಚೀಲ ಮುನಿಶಾಮಣ್ಣಂದಲ್ವಾ? ಹಿಡ್ಕೋ ಅಂತ ಕೊಟ್ಟಿದ್ರು. ಎಲ್ಲಿ ಅವ್ರು?" ಎಂದ ರಂಗನಾಥ.

ನಾನು ತುದಿಗಾಲಲ್ಲಿ ನಿಂತು ನೋಡಿದೆ. ಆಗ ಎಣಿಸಿದೆ. ಹತ್ತು.

ಹುಷಾರಪ್ಪನವರು ಜನರ ನಡುವೆ ಹಿಂದಕ್ಕೆ ಬರುತ್ತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಒಬ್ಬ ಮನುಷ್ಯನ ತುಟಿಯ ಬಣ್ಣ ಹೋಗುವುದನ್ನು ಅಷ್ಟು ಹತ್ತಿರದಿಂದ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ಫೋನು ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಪರದೆಯ ಮೇಲೆ ಮಂಜುಳಾ ಎಂಬ ಹೆಸರು.

"ಎತ್ಬೇಡ ಮಾರಾಯ" ಎಂದ ರಂಗನಾಥ. ನಾನೂ ಅದನ್ನೇ ಹೇಳಿದೆ. ಹಿಂದಕ್ಕೆ ಹೋಗಿ ನೋಡೋಣ, ಅಲ್ಲೇ ನಿಂತಿರುತ್ತಾರೆ, ಹತ್ತು ನಿಮಿಷದ ಮಾತು, ಸುಮ್ಮನೆ ಆ ಹುಡುಗಿಯನ್ನು ಯಾಕೆ ಹೆದರಿಸುವುದು.

"ಕಳೆದಿರೋದು ಅವರ ಮನುಷ್ಯ. ಅವರಿಗೆ ಗೊತ್ತಾಗೋಕ್ ಮುಂಚೆ ನಮಗೆ ಗೊತ್ತಿದ್ರೆ ಅದು ಕಳ್ಳತನ" ಎಂದು ಅವರು ಫೋನ್ ಕಿತ್ತುಕೊಂಡರು. ಎರಡು ಸಲ ತಪ್ಪಾಗಿ ಒತ್ತಿದರು. ಆಮೇಲೆ ಬಸ್ಸಿನವರಿಗೆಲ್ಲ ಕೇಳುವಂತೆ ಹೇಳಿದರು: "ಮಂಜುಳಾ, ನಾನಮ್ಮ. ಮಾವನವ್ರು ನಮ್ಮ ಜೊತೆ ಇಲ್ಲ. ಶಿವಾಜಿನಗರದಲ್ಲಿ ಬಿಟ್ಟು ಬಂದ್ಬಿಟ್ಟಿದೀವಿ. ಎಣಿಸಿದ್ದು ನಾನು. ತಪ್ಪು ನಂದು."

ಎಣಿಸಿದ್ದು ಇಬ್ಬರು. ನಾನು ಬಾಯಿ ತೆರೆಯಲಿಲ್ಲ.

ಉಳಿದವರನ್ನು ಮನೆಗೆ ಕಳಿಸಿ, ರಂಗನಾಥನೂ ಸೇರಿ ನಾವು ಮೂವರು ಆಟೋ ಹಿಡಿದು ಹಿಂದಕ್ಕೆ ಹೋದೆವು. ದಾರಿಯುದ್ದಕ್ಕೂ ಅವರು ಎಡಗಡೆಯ ಫುಟ್‌ಪಾತ್ ನೋಡಿದರು, ನನಗೆ ಬಲಗಡೆಯದನ್ನು ಒಪ್ಪಿಸಿದರು. ಒಂದು ಕಡೆ ರಸ್ತೆಯ ಮಧ್ಯೆ ಜನ ಗುಂಪುಗೂಡಿದ್ದರು. ಆಟೋ ನಿಲ್ಲುವ ಮೊದಲೇ ಅವರು ಇಳಿದು ಓಡಿದರು. ಸ್ಕೂಟರ್‌ನಿಂದ ಬಿದ್ದ ಯಾರೋ ಯುವಕ, ಎದ್ದು ಕೂತಿದ್ದ. ಹಿಂದಿರುಗಿ ಬಂದು ಸೀಟಿನಲ್ಲಿ ಕೂತಾಗ ಅವರ ಹಲ್ಲುಗಳು ಒಂದಕ್ಕೊಂದು ತಾಗುವ ಸದ್ದು ನನಗೆ ಕೇಳಿಸುತ್ತಿತ್ತು. ಬಿಸಿಲು ಚುರುಗುಟ್ಟುತ್ತಿದ್ದ ಹೊತ್ತು.

ಶಿವಾಜಿನಗರದಲ್ಲಿ ಒಬ್ಬ ಮುದುಕನನ್ನು ಹುಡುಕುವುದು ಎಂದರೇನೆಂದು ಹುಡುಕಿದವರಿಗೇ ಗೊತ್ತು. ಬಿಳಿ ಪಂಚೆ, ಬಿಳಿ ಅಂಗಿ, ಎಂಬತ್ತರ ಮೇಲಿನ ವಯಸ್ಸು ಎಂದರೆ ಪ್ರತಿಯೊಬ್ಬ ಅಂಗಡಿಯವನೂ ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಾನೆ, ಪ್ರತಿಯೊಬ್ಬನೂ ನಿಜವನ್ನೇ ಹೇಳುತ್ತಿರುತ್ತಾನೆ. ಬಸ್‌ ನಿಲ್ದಾಣದಲ್ಲಿ ಬಸ್ಸುಗಳು ಹಿಂದಕ್ಕೆ ಸರಿಯುವಾಗೆಲ್ಲ ಹುಷಾರಪ್ಪನವರು ಬಗ್ಗಿ ಚಕ್ರಗಳ ನಡುವೆ ನೋಡುತ್ತಿದ್ದರು. ನಾನು ಹೂವಿನ ಸಾಲು, ಹಣ್ಣಿನ ಸಾಲು, ಮಾಂಸದ ಅಂಗಡಿಗಳ ಓಣಿ ಮುಗಿಸಿ, ಬಟ್ಟೆ ಅಂಗಡಿಗಳ ಗಲ್ಲಿಗೆ ಹೋದೆ. ಮೂರು ಸಲ ಹಿಂದಿನಿಂದ ಮುನಿಶಾಮಣ್ಣನವರನ್ನು ಕಂಡೆ. ಮೂರು ಸಲವೂ ತಿರುಗಿದ ಮುಖ ಬೇರೆಯವರದು. ನಾಲ್ಕನೆಯ ಸಲ ನನಗೆ ಹತ್ತಿರ ಹೋಗಲು ಕಾಲು ಬರಲಿಲ್ಲ. ಸುದ್ದಿಮನೆಯಲ್ಲಿ 'ಅಪರಿಚಿತ ವೃದ್ಧ' ಎಂದು ಶುರುವಾಗುವ ಎಷ್ಟೋ ಸಣ್ಣ ಸುದ್ದಿಗಳನ್ನು ಎರಡು ಸಾಲು ಕತ್ತರಿಸಿ ಪುಟದ ಮೂಲೆಗೆ ಹೊಂದಿಸಿದ್ದೆ. ಆ ಸಾಲುಗಳು ಒಂದೊಂದಾಗಿ ಬಂದವು.

ಪೊಲೀಸ್ ಠಾಣೆಗೆ ಹೋಗಿ ಫೋಟೊ ಕೊಟ್ಟು ಬರುವಷ್ಟರಲ್ಲಿ ಹನ್ನೊಂದೂವರೆ. ಮಂಜುಳಾ ಸ್ಕೂಟರಿನಲ್ಲಿ ಬಂದಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ನಮಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. "ಬೆಳಿಗ್ಗೆಯ ಮಾತ್ರೆ ಕೊಟ್ಟಿದ್ರಾ?" ಎಂದಷ್ಟೇ ಕೇಳಿದಳು. ಮಾತ್ರೆ ಚೀಲದಲ್ಲಿತ್ತು, ಚೀಲ ನಮ್ಮ ಕೈಯಲ್ಲಿತ್ತು.

ಹುಷಾರಪ್ಪನವರು ಮಾರ್ಕೆಟ್ಟಿನ ಮುಂದಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಹೂವು ಮಾರುವ ಹೆಂಗಸೊಬ್ಬಳು ನೀರಿನ ಬಾಟಲಿ ಚಾಚಿ, "ಕುಡಿ ಸಾಮಿ, ಎಲ್ಲಿ ಹೋಗ್ತಾರೆ, ಸಿಗ್ತಾರೆ" ಎಂದಳು. ಕುಡಿಯುವಾಗ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಬಾಟಲಿ ಕೆಳಗಿಟ್ಟು ತಟ್ಟನೆ ಕೇಳಿದರು:

"ಕೊನೆಗೆ ಅವರ ಜೊತೆ ಮಾತಾಡಿದ್ದು ಯಾರು?"

"ನಾನೇ" ಎಂದ ರಂಗನಾಥ.

"ಎಲ್ಲಿ?"

"ಸೊಪ್ಪಿನ ಅಂಗಡಿ ಮುಂದೆ. ಚೀಲ ಕೊಟ್ಟಾಗ."

"ಏನಂದ್ರು? ಅವರಂದಿದ್ದನ್ನೇ ಹೇಳಿ."

ರಂಗನಾಥ ನೆನಪು ಮಾಡಿಕೊಂಡ. "ದಂಟಿನ ಸೊಪ್ಪು ಮುಟ್ಟಿ ನೋಡಿ, ಎಲ್ಲಾ ಮಾರಾಯ್ತು, ಬಿಸ್ಲು ಏರೋಕ್ ಮುಂಚೆ ಗಾಡಿ ಕಟ್ಬೇಕು ಅಂದ್ರು. ತಮಾಷೆ ಅಂತ ನಕ್ಕೆ."

"ತಮಾಷೆ ಅಲ್ಲ ಕಣಯ್ಯ ಅದು" ಎಂದು ಹುಷಾರಪ್ಪನವರು ಎದ್ದು ನಿಂತರು. ಕಾರ್ಖಾನೆಯಲ್ಲಿ ಒಂದು ಸಾಮಾನು ಕಾಣದಿದ್ದರೆ ಅದು ಎಲ್ಲಿರಬಹುದೆಂದು ಅವರು ಕೇಳುತ್ತಿರಲಿಲ್ಲವಂತೆ. ಅದರಿಂದ ಕೊನೆಗೆ ಯಾವ ಕೆಲಸ ಮಾಡಿದಿರಿ ಎಂದು ಕೇಳುತ್ತಿದ್ದರಂತೆ. ಹೆದರಿಕೆಯಲ್ಲಿ ಎರಡು ಗಂಟೆ ಅದನ್ನೇ ಮರೆತಿದ್ದೆ ಎಂದು ಆಮೇಲೆ ಹೇಳಿದರು. ಆಗ ಮಂಜುಳಾ ಕಡೆ ತಿರುಗಿ, "ಗಾಡಿಯಲ್ಲಿ ಊರಿಗೆ ಹೋಗ್ತಿದ್ದ ದಾರಿ ಯಾವುದಮ್ಮ?" ಎಂದು ಕೇಳಿದರು.

ಅವಳಿಗೆ ಅದು ಬಾಯಿಪಾಠ. "ದಿನಾ ಹೇಳ್ತಾರೆ ಅಂಕಲ್. ಇಲ್ಲಿಂದ ಹಲಸೂರು. ಕೆರೆ ಹತ್ರ ಎತ್ತಿಗೆ ನೀರು ಕುಡಿಸಿ, ಆಮೇಲೆ ತಿಪ್ಪಸಂದ್ರ."

ಹಲಸೂರು ಕೆರೆಯ ಬೇಲಿಯ ಪಕ್ಕದ ಫುಟ್‌ಪಾತಿನಲ್ಲಿ, ಮರದ ನೆರಳಿನಲ್ಲಿ ಮುನಿಶಾಮಣ್ಣ ಕೂತಿದ್ದರು. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಆ ಪಾದದ ಹೆಬ್ಬೆರಳಿನಿಂದ ರಕ್ತ ಬಂದು ಒಣಗಿತ್ತು. ಮೂರು ಕಿಲೋಮೀಟರಿನಷ್ಟು ದಾರಿ, ಎಷ್ಟು ಸಿಗ್ನಲ್, ಎಷ್ಟು ಬಸ್ಸು, ಹೇಗೆ ದಾಟಿದರೋ ಯಾರಿಗೂ ಗೊತ್ತಿಲ್ಲ. ನಮ್ಮನ್ನು ಕಂಡು ಅವರಿಗೆ ಸಿಟ್ಟು ಬಂತು.

"ಎಲ್ಲಿ ಆಳಾಗೋಗಿದ್ರೋ ಎಲ್ಲಾ? ಕಾದೂ ಕಾದೂ ಸಾಕಾಯ್ತು. ಕೆರೆಗೆ ಬೇರೆ ಬೇಲಿ ಆಕ್ಬುಟ್ಟವ್ರೆ, ಎತ್ತು ಎಲ್ಲಿ ನೀರು ಕುಡೀಬೇಕು?"

ರಂಗನಾಥ ನಕ್ಕ, ನಗುತ್ತಾ ಮುಖ ಆ ಕಡೆ ತಿರುಗಿಸಿಕೊಂಡ. ಮಂಜುಳಾ ಮಾವನ ಬಾಯಿಗೆ ಮಾತ್ರೆ ಹಾಕಿ, ನೀರು ಕುಡಿಸಿ, ಪಾದ ಒರೆಸಿದಳು. ಆಮೇಲೆ ಎದ್ದು ನಿಂತು ಹುಷಾರಪ್ಪನವರಿಗೆ ಹೇಳಿದಳು:

"ನಿಮ್ಮನ್ನ ನಂಬಿ ಕಳಿಸಿದ್ದೆ. ಬೇರೆ ಯಾರನ್ನೂ ಅಲ್ಲ. ಇನ್ಮೇಲೆ ಕರೆಯೋಕೆ ಬರ್ಬೇಡಿ."

ಅವರು ಕೈ ಕಟ್ಟಿ ನಿಂತಿದ್ದರು. "ಸರಿಯಮ್ಮ" ಎಂದರು. ನಾನು ಅವರಿಂದ ಒಂದು ಮೊಳ ದೂರದಲ್ಲಿದ್ದೆ. ಆಗಲೂ ನಾನು ಮಾತನಾಡಲಿಲ್ಲ. ಇದು ಅವರ ಬಗ್ಗೆ ಬರೆಯುತ್ತಿರುವುದಾದರೂ ಇಷ್ಟು ನನ್ನ ಬಗ್ಗೆಯೂ ದಾಖಲಾಗಬೇಕು.

ಆಮೇಲಿನ ಎರಡು ಭಾನುವಾರ ತಿರುಗಾಟವಿರಲಿಲ್ಲ. ಅವರು ಕೋರ್ಟಿಗೆ ಬರುತ್ತಿದ್ದರು, ನೆಲ ಸವರುತ್ತಿದ್ದರು, ಆಡದೆ ಹೋಗುತ್ತಿದ್ದರು. ಖಾಲಿ ಕಲ್ಲು ಬೆಂಚಿನ ಕಡೆ ನೋಡುತ್ತಿರಲಿಲ್ಲ. ಒಂದು ಬುಧವಾರ ಎಲ್ಲರೂ ಹೋದ ಮೇಲೆ ನಾನು ಅವರ ಪಕ್ಕ ಕೂತು ಹೇಳಿಬಿಟ್ಟೆ.

"ಅವತ್ತು ನಾನು ಎಣಿಸಿರ್ಲಿಲ್ಲ. ರಂಗನ ಜೊತೆ ಮಾತಾಡ್ತಿದ್ದೆ. ಯಾವಾಗ್ಲೂ ಹನ್ನೊಂದಲ್ವಾ ಅಂತ ಹನ್ನೊಂದು ಅಂದೆ. ನೀವು ಹೇಗೂ ಎಣಿಸಿರ್ತೀರ ಅಂತ."

ಅವರು ರ‍್ಯಾಕೆಟ್ಟಿನ ತಂತಿಗಳನ್ನು ಉಗುರಿನಿಂದ ಮೀಟಿದರು.

"ನಾನೂ ಎಣಿಸಿರ್ಲಿಲ್ಲ" ಎಂದರು.

ನನಗೆ ಅರ್ಥವಾಗಲಿಲ್ಲ.

"ಜನ ಜಾಸ್ತಿ ಇದ್ರು. ಕಾಣ್ತಿರ್ಲಿಲ್ಲ. ಹಿಂದೆ ನೀವಿದೀರಲ್ಲ, ಪೇಪರ್‌ನವ್ರು, ತಪ್ಪು ಬಿಡಲ್ಲ, ಅಂದ್ಕೊಂಡೆ. ನೀವು ಹನ್ನೊಂದು ಅಂದ ತಕ್ಷಣ ನಾನೂ ಅಂದೆ." ತಂತಿಯಿಂದ ಕೈ ತೆಗೆದರು. "ಮೂವತ್ತಾರು ವರ್ಷ ಸರ್ವಿಸ್‌ನಲ್ಲಿ ಒಂದು ದಿನಾನೂ ಧೈರ್ಯವಾಗಿ ಮುದ್ರೆ ಒತ್ತಿದವನಲ್ಲ ನಾನು. ಅವತ್ತು ಒಂದು ಗಳಿಗೆ ಧೈರ್ಯವಾಗಿದ್ದೆ ಕಣ್ರೀ."

ಅದೇ ದಿನ ಸಂಜೆ ನಾನು ಮಂಜುಳಾ ಮನೆಗೆ ಹೋಗಿ ನನ್ನ ಪಾಲಿನದನ್ನು ಹೇಳಿದೆ. ಅವಳು ಪೂರ್ತಿ ಕೇಳಿದಳು. ನನ್ನನ್ನು ಬೈಯಲಿಲ್ಲ, ಕಾಫಿಯನ್ನೂ ಕೊಡಲಿಲ್ಲ. ಬಾಗಿಲವರೆಗೆ ಬಂದು, "ನೀವಾಗಿದ್ರೆ ಸಿಕ್ಕಿದ ಮೇಲೆ ಫೋನ್ ಮಾಡ್ತಿದ್ರಿ, ಅಲ್ವಾ?" ಎಂದು ಕೇಳಿದಳು. ಹೌದೆಂದೆ.

ಮೂರನೆಯ ಭಾನುವಾರ ಏಳು ಗಂಟೆಗೆ ಹುಷಾರಪ್ಪನವರ ಮನೆಯ ಗೇಟಿನ ಮುಂದೆ ಅವಳು ಮಾವನನ್ನು ಕರೆದುಕೊಂಡು ನಿಂತಿದ್ದಳು. ನಾನೂ ಅಲ್ಲಿದ್ದೆ. ಮುನಿಶಾಮಣ್ಣ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೊಸ ಚಪ್ಪಲಿ ಹಾಕಿದ್ದರು. ಕಳೆದುಹೋದದ್ದು ಅವರಿಗೆ ನೆನಪೇ ಇರಲಿಲ್ಲ.

"ಎದ್ದಾಗಿಂದ ಬಸ್ ಸ್ಟಾಪ್‌ಗೆ ಹೋಗ್ಬೇಕು ಅಂತ ಹಠ. ನಿಮ್ಮ ಜೊತೆ ಆದ್ರೆ ಕಳಿಸ್ತೀನಿ ಅಂಕಲ್" ಎಂದಳು.

"ಬೇಡಮ್ಮ. ನನ್ನ ಕೈಲಿ ಆಗಲ್ಲ" ಎಂದರು ಅವರು. ಮುಖದ ಮೇಲೆ ಬೆವರು ಮೂಡಿತ್ತು. "ಇನ್ನೊಂದ್ಸಲ ಹಾಗಾದ್ರೆ ನಾನು ಬದುಕಲ್ಲ. ನಿಜವಾಗಿ ಹೇಳ್ತಿದೀನಿ. ರಾತ್ರಿಯೆಲ್ಲ ಆ ಬಸ್ಸಿನ ಚಕ್ರ ಕಾಣುತ್ತೆ."

"ನನಗೂ ಕಾಣುತ್ತೆ" ಎಂದಳು ಅವಳು. ಮಾವನ ಚೀಲವನ್ನು ಗೇಟಿನ ಮೇಲಿನಿಂದ ಚಾಚಿದಳು, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವರು ಒಳಗೆ ಹೋದರು. ಬರುವುದಿಲ್ಲ ಎಂದುಕೊಂಡೆ. ಬೂಟು ಹಾಕಿಕೊಂಡು ಬಂದರು.

ಆ ದಿನ ಕೆ.ಆರ್. ಪುರದವರೆಗೆ ಬಸ್ಸಿನಲ್ಲೇ ಹೋದೆವು, ಮೂವರೇ. ಮುನಿಶಾಮಣ್ಣನವರಿಗೆ ಕಿಟಕಿಯ ಸೀಟು, ಅವರ ಪಕ್ಕ ಹುಷಾರಪ್ಪನವರು, ಹಿಂದಿನ ಸೀಟಿನಲ್ಲಿ ನಾನು. ಕೂತ ಕೂಡಲೇ ಅವರು ಮುನಿಶಾಮಣ್ಣನವರ ಅಂಗಿಯ ಅಂಚನ್ನು ಬಲಗೈಯಲ್ಲಿ ಹಿಡಿದುಕೊಂಡರು. ಟಿಕೆಟ್ಟನ್ನು ಎಡಗೈಯಲ್ಲೇ ಈಸಿಕೊಂಡರು. ಮುಕ್ಕಾಲು ಗಂಟೆಯ ದಾರಿಯಲ್ಲಿ ಆ ಕೈ ಒಮ್ಮೆಯೂ ಸಡಿಲವಾಗಲಿಲ್ಲ. ಮುನಿಶಾಮಣ್ಣ ಹೊರಗೆ ನೋಡುತ್ತಾ, ಇದು ಯಾರ ತೋಟ, ಅದು ಯಾರ ಬಾವಿ ಎಂದು ಅಪಾರ್ಟ್‌ಮೆಂಟುಗಳನ್ನು ತೋರಿಸಿ ಹೇಳುತ್ತಿದ್ದರು.

ಇಳಿಯುವ ನಿಲ್ದಾಣ ಬಂತು. ಹುಷಾರಪ್ಪನವರು ಏಳಲು ಹೋದರು, ಮುಷ್ಟಿ ಬಿಚ್ಚಿಕೊಳ್ಳಲಿಲ್ಲ. ಬೆರಳುಗಳು ಬಿಳಿಚಿ ಸೆಟೆದುಹೋಗಿದ್ದವು. ಕಂಡಕ್ಟರ್ "ಬೇಗ ಇಳೀರಿ ಸಾರ್" ಎಂದು ಕೂಗಿದ. ಮುನಿಶಾಮಣ್ಣ ಆ ಕೈಯನ್ನು ನೋಡಿದರು, ತಮ್ಮ ತೊಡೆಯ ಮೇಲೆ ಎಳೆದುಕೊಂಡರು.

"ಯಾಕಪ್ಪಾ ಇಂಗೆ ಎದ್ರುಕೊಂಡಿದೀಯಾ? ನಾನಿದೀನಲ್ಲ" ಎಂದು, ಹಗ್ಗದ ಗಂಟು ಬಿಡಿಸುವವರ ಹಾಗೆ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.